ಕೂಗಳತೆಯಿಂದ ಬೆಳಕಿನಳತೆಗೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಬದುವಿನ ಮೇಲೆ ಕುಳಿತ ಹಿರಿಯರೊಬ್ಬರನ್ನು "ಊರು ಇನ್ನೆಷ್ಟು ದೂರ, ಯಜಮಾನ್ರೇ?" ಎಂದು ಕೇಳಿದರೆ, "ಇಲ್ಲೇ ಕಣಪ್ಪ, ಒಂದು ಕೂಗಳತೆ ಅಷ್ಟೇಯಾ" ಎಂಬ ಉತ್ತರ ಬಂದೀತು, ಅದನ್ನು ನಂಬಿ ಹೊರಟವನು ಅರ್ಧ ಗಂಟೆ ಬಿಸಿಲಿನಲ್ಲಿ ಬೆವರಿದ ಮೇಲೆ ಆ ಹಿರಿಯರ ಕಂಠಬಲವನ್ನು ಮನಸ್ಸಿನಲ್ಲೇ ಕೊಂಡಾಡಬೇಕಾದೀತು. ಗೇಣು, ಮೊಳ, ಮಾರುಗಳನ್ನು ಕೈಯಿಂದಲೂ, ಹರಿದಾರಿಯನ್ನು ಕಾಲಿನಿಂದಲೂ, ಕೂಗಳತೆಯನ್ನು ಕೊರಳಿನಿಂದಲೂ ಅಳೆದ ನಮ್ಮ ಹಿಂದಿನವರಿಗೆ ಶರೀರವೇ ಮಾನದಂಡವಾಗಿದ್ದಿತು. ಅನಂತರ ಮೋಜಣಿದಾರನು 33 ಅಡಿಯ ಸರಪಳಿಯನ್ನು ತಂದನು. ಅದನ್ನು 16 ಆಣೆಗಳಾಗಿ ವಿಭಾಗಿಸಿ, ಸರಪಳಿಯುದ್ದ ಸರಪಳಿಯಗಲದ ನೆಲವನ್ನು ಒಂದು ಗುಂಟೆಯೆಂದೂ, ಅಂತಹ 40 ಗುಂಟೆಗಳನ್ನು ಒಂದು ಎಕರೆಯೆಂದೂ ಲೆಕ್ಕವಿಟ್ಟನು. ಆದರೆ ಗೇಣಾಗಲಿ ಸರಪಳಿಯಾಗಲಿ, ಅಳೆಯುವವನು ಆಚೆಯ ಕೊನೆಯವರೆಗೆ ನಡೆದುಹೋಗಲೇಬೇಕು. ಆ ಕೊನೆಯಲ್ಲಿ ಶತ್ರುವಿನ ಫಿರಂಗಿಯೋ, ಕೆರಳಿದ ಚಿರತೆಯೋ ಇದ್ದರೆ ಗತಿಯೇನು? ಈ ಪ್ರಶ್ನೆಯ ಉತ್ತರವಾಗಿ ಹುಟ್ಟಿದ ಯಂತ್ರವೇ ದೂರಮಾಪಕ. ಅಂಗಡಿಯವರ ಮಾತಿನಲ್ಲಿ ರೇಂಜ್ ಫೈಂಡರ್.

ಕಣ್ಣಳತೆ ಸಾಲದೇ ಎಂದು ಕೇಳುವವರುಂಟು. ಕಣ್ಣು ಒಳ್ಳೆಯ ಸಾಕ್ಷಿಯೇ ಅಹುದು, ಆದರೆ ಹೊತ್ತಿಗೊಂದು ಹೇಳಿಕೆ ಕೊಡುವ ಸಾಕ್ಷಿ. ನೀರು ಕಟ್ಟಿದ ಗದ್ದೆಯ ಆಚೆಗಿನ ತೆಂಗಿನಮರ, ನಡುವೆ ಎಣಿಸಲು ಗುರುತುಗಳಿಲ್ಲದ ಕಾರಣ, ಇರುವುದಕ್ಕಿಂತ ಹತ್ತಿರವಾಗಿ ತೋರುತ್ತದೆ. ಬೆನ್ನಹಿಂದೆ ಸೂರ್ಯನಿದ್ದು ಎದುರಿನ ವಸ್ತು ಬೆಳಗುತ್ತಿದ್ದರೆ ಇನ್ನೂ ಹತ್ತಿರವಾಗುತ್ತದೆ. ಅದೇ ಮರ ಮುಸ್ಸಂಜೆಯ ಮಬ್ಬಿನಲ್ಲಿ ದೂರ ಸರಿದಂತೆ ಕಾಣುತ್ತದೆ. ಸಿಪಾಯಿಗಳಿಗೆ ದೂರದ ಅಂದಾಜನ್ನು ಕಲಿಸುವವರು ಈ ಭ್ರಮೆಗಳನ್ನು ಒಂದೊಂದಾಗಿ ಎಣಿಸಿ ಪಾಠ ಹೇಳುತ್ತಿದ್ದರೆಂದಮೇಲೆ, ನಮ್ಮ ನಿಮ್ಮ ಕಣ್ಣಳತೆಯ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೋಗಲಾಗದ ದೂರವನ್ನು ಅಳೆಯುವ ಮೊದಲ ಉಪಾಯ ತ್ರಿಕೋನದ್ದು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುಸುಲ್ತಾನನ ಸೈನ್ಯವನ್ನು ಎದುರಿಸಿ, ಮುಂದೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದನು. ಯುದ್ಧ ಮುಗಿದೊಡನೆ ಅವನ ಮನಸ್ಸು ಕತ್ತಿಯಿಂದ ಕೋನಕ್ಕೆ ತಿರುಗಿತು. ನೆಲದ ಮೇಲೆ ಒಂದು ರೇಖೆಯನ್ನು ಉಕ್ಕಿನ ಸರಪಳಿಯಿಂದ ಅತಿ ಜಾಗರೂಕತೆಯಿಂದ ಅಳೆದು, ಅದರ ಎರಡು ತುದಿಗಳಲ್ಲಿ ನಿಂತು ದೂರದ ಬೆಟ್ಟದ ನೆತ್ತಿಗೆ ಆಗುವ ಕೋನಗಳನ್ನು ಗುರುತಿಸಿಕೊಂಡರೆ, ಬೆಟ್ಟದ ಬಳಿಗೆ ಹೋಗದೆಯೇ ಅದರ ದೂರ ಗಣಿತದಿಂದ ದೊರೆಯುತ್ತದೆ. ಈ ಒಂದು ತತ್ತ್ವವನ್ನು ಹಿಡಿದು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಎಳೆದು ಅವನು ಆರಂಭಿಸಿದ ಮಹಾಮೋಜಣಿ, ಅವನ ತರುವಾಯದವರ ಕೈಯಲ್ಲಿ ಹಿಮಾಲಯದವರೆಗೆ ಸಾಗಿತು.

ಅದೇ ತ್ರಿಕೋನವನ್ನು ಒಂದು ಕೊಳವೆಯೊಳಗೆ ಮಡಿಸಿಟ್ಟವರು ಆರ್ಚಿಬಾಲ್ಡ್ ಬಾರ್ ಮತ್ತು ವಿಲಿಯಂ ಸ್ಟ್ರೌಡ್ ಎಂಬ ಇಬ್ಬರು ಪ್ರಾಧ್ಯಾಪಕರು. 1888ರಿಂದ ಅವರು ರೂಪಿಸತೊಡಗಿದ ದೂರಮಾಪಕದಲ್ಲಿ ಕೊಳವೆಯ ಎರಡು ತುದಿಗಳ ಮೂಲಕ ಬಂದ ಬಿಂಬಗಳು ನೋಡುವವನಿಗೆ ಒಂದರ ಮೇಲೊಂದು ತುಂಡಾಗಿ ಕಾಣುತ್ತಿದ್ದವು. ತಿರುಪನ್ನು ತಿರುಗಿಸಿ ಎರಡನ್ನೂ ಕೂಡಿಸಿದಾಗ ದೂರವು ಅಳತೆಪಟ್ಟಿಯ ಮೇಲೆ ತೋರುತ್ತಿದ್ದಿತು. ಇದರ ದೌರ್ಬಲ್ಯವೂ ತ್ರಿಕೋನದ್ದೇ. ತುದಿಯಿಂದ ತುದಿಗೆ 80 ಸೆಂಟಿಮೀಟರ್ ಇರುವ ಕೊಳವೆಗೆ 300 ಮೀಟರಿನಾಚೆಯ ವಸ್ತುವಿನಲ್ಲಿ ಆಗುವ ಕೋನ ಒಂದು ಡಿಗ್ರಿಯ ಏಳನೆಯ ಒಂದು ಪಾಲಿನಷ್ಟು ಮಾತ್ರ; ವಸ್ತುವು 400 ಮೀಟರಿಗೆ ಸರಿದರೆ ಅದು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ದೂರ ಹೆಚ್ಚಿದಂತೆಲ್ಲ ಕೋನದ ವ್ಯತ್ಯಾಸ ಕೂದಲೆಳೆಯಾಗುವುದರಿಂದ, ಯುದ್ಧನೌಕೆಗಳವರು ಹಲವು ಮೀಟರ್ ಉದ್ದದ ಕೊಳವೆಗಳನ್ನು ಹೊರಬೇಕಾಯಿತು.

1960ರಲ್ಲಿ ಲೇಸರ್ ಬೆಳಕು ಬಂದಮೇಲೆ ತ್ರಿಕೋನದ ಹಂಗು ಹರಿಯಿತು. ಹೊಸ ಯಂತ್ರದ ಮರ್ಮವನ್ನು ಕೂಗಳತೆಯಿಂದಲೇ ಅರಿಯಬಹುದು. ಪಾಂಡವಪುರದ ಕುಂತಿಬೆಟ್ಟದಂತಹ ಬಂಡೆಯೆದುರು ನಿಂತು ಕೂಗಿ, ಮಾರ್ದನಿ ಒಂದು ಸೆಕೆಂಡಿಗೆ ಹಿಂದಿರುಗಿತೆನ್ನಿರಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದುದರಿಂದ, ಹೋಗಿಬಂದ ಹಾದಿಯನ್ನು ಅರ್ಧಮಾಡಿದರೆ ಬಂಡೆಯು 170 ಮೀಟರ್ ದೂರದಲ್ಲಿರಬೇಕು. ಲೇಸರ್ ದೂರಮಾಪಕವೂ ಕೂಗುತ್ತದೆ, ಆದರೆ ಬೆಳಕಿನಿಂದ. ಅದರ ಗುಂಡಿಯನ್ನು ಒತ್ತಿದೊಡನೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕ್ಷಣಿಕ ಮಿಡಿತವೊಂದು ಹೊರಟು, ಎದುರಿನ ವಸ್ತುವನ್ನು ತಾಕಿ, ಅದರ ಕಿಂಚಿದಂಶ ಮರಳಿ ಬರುತ್ತದೆ. 100 ಮೀಟರಿನಾಚೆಯ ಮರವನ್ನು ಮುಟ್ಟಿ ಬರಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ 15 ಲಕ್ಷ ಭಾಗಗಳಲ್ಲಿ ಒಂದು. ಒಂದು ಮೀಟರಿನ ಅಂತರವನ್ನು ಗುರುತಿಸಬೇಕಾದರೆ ಸೆಕೆಂಡಿನ 15 ಕೋಟಿ ಭಾಗಗಳಲ್ಲಿ ಒಂದನ್ನು ಎಣಿಸಬೇಕು. ಅಂಗೈಯಲ್ಲಿ ಅಡಗುವ ಯಂತ್ರವು ಇದನ್ನು ತಪ್ಪದೆ ಎಣಿಸುತ್ತದೆಂಬುದು ನಮ್ಮ ಕಾಲದ ಅಚ್ಚರಿಗಳಲ್ಲಿ ಒಂದು.

ಇನ್ನು ಇದು ಯಾರಿಗೆ ಬೇಕು? ಪರದೇಶದ ಹಲವು ಜಾಹೀರಾತುಗಳು ಬೇಟೆಗಾರನನ್ನು ಕುರಿತು ಬರೆದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಬಾಗಿಲನ್ನು ಮುಚ್ಚಿದೆ. ಪಂದ್ಯಗಳಲ್ಲಿ ಗುರಿಯಿಡುವವರಿಗೂ ಇದರಿಂದ ಪ್ರಯೋಜನ ಸ್ವಲ್ಪ. 10, 25, 50 ಮೀಟರ್ ಎಂದು ಅಳೆದು ಕಟ್ಟಿದ ಅಂಕಣದಲ್ಲಿ ಮತ್ತೆ ಅಳೆಯುವುದೇನಿದೆ? ಹಾಗಾದರೆ ಮಂಡ್ಯದ ಸೀಮೆಯಲ್ಲಿ ಇದರ ನಿಜವಾದ ಒಡೆಯನು ಕಬ್ಬಿನ ಗದ್ದೆಯಲ್ಲಿ ಮರಿಹಾಕುವ ಚಿರತೆಯನ್ನೂ, ಮುತ್ತತ್ತಿಯ ಕಾಡಿನಿಂದ ಮಳವಳ್ಳಿ, ಮದ್ದೂರುಗಳ ಹೊಲಕ್ಕೆ ಇಳಿಯುವ ಆನೆಯನ್ನೂ ಕೊಲ್ಲದೆ ಹಿಡಿಯಬೇಕಾದ ಪಶುವೈದ್ಯನೇ ಸರಿ. ಚಿರತೆಗೆ ಸಾಮಾನ್ಯವಾಗಿ ಬೋನಿಡುತ್ತಾರೆ. ಅದು ಮನೆಯೊಳಗೆ ನುಗ್ಗಿದಾಗಲೋ ಉರುಳಿಗೆ ಸಿಕ್ಕಿದಾಗಲೋ ಅರಿವಳಿಕೆಯ ಡಾರ್ಟು ಹಾರಿಸಬೇಕಾಗುತ್ತದೆ.

ಆ ಡಾರ್ಟಿಗೂ ಗುಂಡಿಗೂ ಇರುವ ಅಂತರವನ್ನು ಲೆಕ್ಕದಿಂದ ನೋಡೋಣ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 30 ಮೀಟರ್ ಸಾಗುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಒಂದು ಸೆಂಟಿಮೀಟರ್ ಕೂಡ ಕುಸಿಯುವುದಿಲ್ಲ. ಮದ್ದು ತುಂಬಿದ ಸೂಜಿಯನ್ನು ಮೂತಿಯಲ್ಲೂ ಕುಚ್ಚನ್ನು ಬಾಲದಲ್ಲೂ ಹೊತ್ತ ಡಾರ್ಟಿನ ವೇಗವನ್ನು ಸೆಕೆಂಡಿಗೆ 60 ಮೀಟರ್ ಎಂದು ಇಟ್ಟುಕೊಂಡರೆ, ಅದು 30 ಮೀಟರಿಗೆ ಸುಮಾರು 1.2 ಮೀಟರ್, 40 ಮೀಟರಿಗೆ ಸುಮಾರು 2.2 ಮೀಟರ್ ಕೆಳಗಿಳಿಯುತ್ತದೆ. ಕಣ್ಣಳತೆ ಹತ್ತು ಮೀಟರ್ ತಪ್ಪಿದರೆ ಡಾರ್ಟು ಅರ್ಧ ಮೀಟರಿಗೂ ಹೆಚ್ಚು ತಪ್ಪುತ್ತದೆ. ಅಂದರೆ ಚಿರತೆಯ ತೊಡೆಗೆ ಇಟ್ಟ ಗುರಿ ಅದರ ಕಾಲಡಿಯ ಮಣ್ಣನ್ನು ಚುಚ್ಚುತ್ತದೆ. ಅಷ್ಟೇ ಅಲ್ಲ, ಡಾರ್ಟ್ ಕೋವಿಯ ಅನಿಲದ ಒತ್ತಡವನ್ನು ದೂರಕ್ಕೆ ತಕ್ಕಂತೆ ಮೊದಲೇ ಹೊಂದಿಸಬೇಕು: ಕಡಮೆಯಾದರೆ ಡಾರ್ಟು ತಲಪುವುದಿಲ್ಲ, ಹೆಚ್ಚಾದರೆ ಮದ್ದಿನ ಸೂಜಿಯೇ ಮಾಂಸವನ್ನು ಹರಿದು ಎಲುಬನ್ನು ಮುರಿಯುವ ಆಯುಧವಾಗುತ್ತದೆ. ಕೊಲ್ಲುವವನಿಗಿಂತ ಕಾಯುವವನಿಗೆ ದೂರದ ಜ್ಞಾನ ಹೆಚ್ಚು ಬೇಕೆಂಬ ವಿಚಿತ್ರವನ್ನು ಭೌತಶಾಸ್ತ್ರವೇ ಸಾರುತ್ತದೆ.

ಈ ದೃಷ್ಟಿಯಿಂದ ಯಂತ್ರವನ್ನು ಆರಿಸಲು ಹೊರಟರೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ "1000 ಮೀಟರ್" ಎಂಬ ಸಂಖ್ಯೆಯೇ ಎಲ್ಲಕ್ಕಿಂತ ಅಲ್ಪವಾದ ವಿಷಯ. ಆ ಸಂಖ್ಯೆ ಬಿಸಿಲಿಗೆ ಹೊಳೆಯುವ ಫಲಕದಂತಹ ವಸ್ತುವಿಗೆ ಸಲ್ಲುತ್ತದೆ. ಬೆಳಕನ್ನು ನುಂಗುವ ಕಪ್ಪು ರೋಮಕ್ಕೆ ಅದು ಅರ್ಧಕ್ಕೂ ಇಳಿಯುವುದುಂಟು. ಕಬ್ಬಿನ ಗದ್ದೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಬದುವಿನ ಮೇಲೆ ನಿಂತವನಿಗೂ ಚಿರತೆಗೂ ನಡುವೆ ಕಬ್ಬಿನ ಗರಿಗಳು ಆಡುತ್ತಿರುತ್ತವೆ; ಮಿಡಿತದ ಒಂದಂಶ ಗರಿಯನ್ನು ತಾಕಿ 12 ಮೀಟರ್ ಎಂದೂ, ಉಳಿದದ್ದು ಮೃಗವನ್ನು ತಾಕಿ 30 ಮೀಟರ್ ಎಂದೂ ವರದಿ ತರುತ್ತದೆ. ಗಾಲ್ಫ್ ಆಟಕ್ಕೆ ಮಾಡಿದ ಯಂತ್ರ ಧ್ವಜವನ್ನು ಹುಡುಕುವ ಸಲುವಾಗಿ ಹತ್ತಿರದ ಉತ್ತರವನ್ನೇ ಹೇಳುತ್ತದೆ. ಕಾಡಿಗೆಂದು ಮಾಡಿದ್ದು ಪೊದೆಯ ಹಿಂದಿನ ದೂರದ ಉತ್ತರಕ್ಕೆ ಮಾನ್ಯತೆ ಕೊಡುತ್ತದೆ. ಎರಡನೆಯ ಬಗೆಯದೇ ನಮಗೆ ಬೇಕಾದದ್ದು. ಆದರೂ ಮೃಗದ ಹಿಂದೆ ಮತ್ತೆ ಕಬ್ಬೇ ಇರುವುದರಿಂದ, ಅದರ ಪಕ್ಕದ ತೆಂಗಿನ ಬುಡವನ್ನೋ ಬದುವಿನ ಕಲ್ಲನ್ನೋ ಮುಂಚಿತವಾಗಿ ಅಳೆದಿಟ್ಟುಕೊಳ್ಳುವುದು ಜಾಣತನ.

ಯಂತ್ರದೊಳಗೆ ದೂರವನ್ನು ತೋರುವ ಅಂಕಿಗಳ ವಿಷಯವೂ ಹಾಗೆಯೇ. ಚಿರತೆ ಹೊರಡುವುದು ಸಂಜೆಗೆ. ಮಧ್ಯಾಹ್ನ ಸ್ಪಷ್ಟವಾಗಿ ಕಂಡ ಕಪ್ಪು ಅಂಕಿಗಳು ಆ ಮಬ್ಬಿನಲ್ಲಿ ಗರಿಗಳ ಕಪ್ಪಿನೊಡನೆ ಬೆರೆತುಹೋಗುವುವಾದ್ದರಿಂದ ಕೆಂಪಾಗಿ ಬೆಳಗುವ ಅಂಕಿಗಳೇ ಮೇಲು. ಮರದ ಕೊಂಬೆಯೇರಿದ ಮೃಗಕ್ಕೆ 30 ಡಿಗ್ರಿ ಮೇಲ್ಮುಖವಾಗಿ 40 ಮೀಟರ್ ಬಂದರೆ, ಡಾರ್ಟಿನ ಇಳಿತವನ್ನು ನಿರ್ಣಯಿಸುವ ಅಡ್ಡದೂರ ಸುಮಾರು 35 ಮೀಟರ್ ಮಾತ್ರ. ಈ ಕೋನದ ಲೆಕ್ಕವನ್ನು ತಾನೇ ಮಾಡುವ ಯಂತ್ರ ಲೇಸು. ಅಳತೆಯು ಗಜದಲ್ಲಿದೆಯೋ ಮೀಟರಿನಲ್ಲಿದೆಯೋ ಎಂಬುದನ್ನು ಮೊದಲೇ ನೋಡಿಕೊಳ್ಳಿರಿ. 100 ಗಜವೆಂದರೆ 91.44 ಮೀಟರ್. ದಟ್ಟವಾದ ಮಂಜಿನಲ್ಲಿ ಮಾತ್ರ ಯಾವ ಯಂತ್ರವನ್ನೂ ನಂಬತಕ್ಕದ್ದಲ್ಲ, ಏಕೆಂದರೆ ಅಲ್ಲಿ ಬೆಳಕು ಮಂಜಿನ ಹನಿಗಳನ್ನೇ ಅಳೆದು ಹಿಂದಿರುಗುತ್ತದೆ.

ಪಶುವೈದ್ಯನ ಜೊತೆಗೆ ಇನ್ನೊಬ್ಬ ಒಡೆಯನನ್ನೂ ನೆನೆಯಬೇಕು. ಕಾಡಿನಲ್ಲಿ ನೇರವಾದ ಕಾಲುಹಾದಿ ಹಿಡಿದು ನಡೆಯುತ್ತ, ಕಂಡ ಪ್ರತಿಯೊಂದು ಜಿಂಕೆ, ಕಡವೆಯ ದೂರವನ್ನು ದೂರಮಾಪಕದಿಂದಲೂ ದಿಕ್ಕನ್ನು ದಿಕ್ಸೂಚಿಯಿಂದಲೂ ಬರೆದುಕೊಳ್ಳುವ ಗಣತಿದಾರನು, ಹಾದಿಯಿಂದ ದೂರವಾದಂತೆ ಕಾಣುವ ಪ್ರಾಣಿಗಳು ಹೇಗೆ ವಿರಳವಾಗುತ್ತವೆಂಬುದನ್ನು ನೋಡಿ, ಕಾಣದೆ ಉಳಿದವುಗಳ ಸಂಖ್ಯೆಯನ್ನೂ ಊಹಿಸಬಲ್ಲನು. ಹಿಂದೆ ಗುರಿಯಿಡಲು ಅಳೆಯುತ್ತಿದ್ದ ದೂರವನ್ನು ಇಂದು ಎಣಿಸಲು ಅಳೆಯುತ್ತಾರೆ.

ಕೊಳ್ಳುವವರಿಗೆ ಕೊನೆಯದಾಗಿ ಒಂದು ಮಾತು. ಬೇಟೆಗೆಂದು ಯಾರೂ ಕೊಳ್ಳಬೇಕಾದುದಿಲ್ಲ. ಕೆಲಸಕ್ಕೆಂದು ಕೊಳ್ಳುವವರು ಯಂತ್ರವನ್ನು ಹೊಲದ ಬದುವಿಗೆ ಒಯ್ದು, ಮೋಜಣಿಯ ಹಳೆಯ ಸರಪಳಿಯಿಂದ ಮೂರು ಸರಪಳಿಯಷ್ಟು ನೆಲವನ್ನು, ಎಂದರೆ ಸುಮಾರು 30 ಮೀಟರನ್ನು ಅಳೆದು, ಆ ತುದಿಯಲ್ಲಿ ಒಂದು ಕಂಬಳಿಯನ್ನು ನೇತುಹಾಕಿ, ಮುಸ್ಸಂಜೆಯಲ್ಲಿ ಹತ್ತು ಬಾರಿ ಗುಂಡಿಯೊತ್ತಿ ನೋಡಲಿ. ಹತ್ತರಲ್ಲಿ ಹತ್ತು ಸಲವೂ ಸರಪಳಿಯ ಲೆಕ್ಕಕ್ಕೆ ಒಂದು ಮೀಟರಿನೊಳಗೆ ಹೊಂದದ ಯಂತ್ರ, ಅದರ ಪೆಟ್ಟಿಗೆ ಎಷ್ಟೇ ಸಾವಿರ ಮೀಟರುಗಳನ್ನು ಹೇಳಲಿ, ಅಂಗಡಿಗೆ ಹಿಂದಿರುಗತಕ್ಕದ್ದು.