ಗಣಕೀಕೃತ ಟೆಂಡರ್: ನಷ್ಟಭಯದ ಹೊಸ ನೆಲೆ

ತಂತ್ರಜ್ಞಾನವು ನಷ್ಟಭಯವನ್ನು ನಿವಾರಿಸುತ್ತದೆ ಎಂಬುದು ಅರ್ಧಸತ್ಯ. ಬಹುಮಟ್ಟಿಗೆ ಅದು ನಷ್ಟಭಯವನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗಾಯಿಸುತ್ತದೆ. ಆಧುನಿಕ ಸಮಾಜವು ತನ್ನ ಸಾಧನೆಗಳಿಂದಲೇ ಹೊಸ ಅಪಾಯಗಳನ್ನು ಸೃಷ್ಟಿಸಿಕೊಳ್ಳುತ್ತದೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಉಲ್ರಿಕ್ ಬೆಕ್ 1986ರಲ್ಲಿ ಪ್ರತಿಪಾದಿಸಿದರು. ನಮ್ಮ ಭಾಗದ ತೊಗರಿ ವ್ಯಾಪಾರ ಇದಕ್ಕೊಂದು ನಿದರ್ಶನ.

ಆಳಂದ ತಾಲ್ಲೂಕಿನ ಸರಸಂಬಾದಂತಹ ಗ್ರಾಮಗಳ ಬೆಳೆಗಾರನಿಗೆ ಬಹಿರಂಗ ಹರಾಜಿನಲ್ಲಿ ಇದ್ದ ದೊಡ್ಡ ಭಯವೆಂದರೆ ಖರೀದಿದಾರರ ಒಳಒಪ್ಪಂದ. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯು ಈ ಭಯವನ್ನು ತಗ್ಗಿಸುವ ಉದ್ದೇಶ ಹೊಂದಿತ್ತು. ಪ್ರತಿ ಲಾಟಿಗೂ ಸಂಖ್ಯೆ ನೀಡಲಾಗುತ್ತದೆ. ಖರೀದಿದಾರರು ಗಣಕಯಂತ್ರದ ಮೂಲಕ ದರ ನಮೂದಿಸುತ್ತಾರೆ. ಅತ್ಯಧಿಕ ದರ ಘೋಷಣೆಯಾಗುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತನು ನಿರಾಕರಿಸಬಹುದು.

ಆದರೆ ಹೊಸ ನಷ್ಟಭಯ ವರ್ತಕನ ಮೇಜಿಗೆ ಬಂದಿದೆ. ಕ್ವಿಂಟಾಲಿಗೆ ರೂ. 7,100 ಎಂದು ಬರೆಯಬೇಕಾದಲ್ಲಿ ರೂ. 7,700 ಎಂದು ಒತ್ತಿದರೆ, 50 ಕ್ವಿಂಟಾಲಿನ ಲಾಟಿನಲ್ಲಿ ರೂ. 30,000 ಹೆಚ್ಚುವರಿ ಹೊರೆ. ಹರಾಜಿನಲ್ಲಿ ಇಂತಹ ತಪ್ಪನ್ನು ಪಕ್ಕದಲ್ಲಿದ್ದವರೇ ಎಚ್ಚರಿಸುತ್ತಿದ್ದರು, ಯಂತ್ರ ಎಚ್ಚರಿಸುವುದಿಲ್ಲ. ಕೊನೆಯ ನಿಮಿಷದಲ್ಲಿ ವಿದ್ಯುತ್ ಅಥವಾ ಸಂಪರ್ಕ ಕಡಿದರೆ ಒಳ್ಳೆಯ ಮಾಲು ಕೈತಪ್ಪುತ್ತದೆ. ಗುಪ್ತಪದ ಗುಮಾಸ್ತರ ಕೈಯಲ್ಲಿದ್ದರೆ ಅವರು ನಮೂದಿಸಿದ ದರಕ್ಕೂ ಮಾಲೀಕರೇ ಹೊಣೆ.

ಆದ್ದರಿಂದ ವರ್ತಕರು ಮೂರು ಕ್ರಮಗಳನ್ನು ರೂಢಿಸಿಕೊಳ್ಳುವುದು ಸೂಕ್ತ: ದರವನ್ನು ಮೊದಲು ಕಾಗದದಲ್ಲಿ ಬರೆದು ಇನ್ನೊಬ್ಬರಿಂದ ತಾಳೆ ನೋಡಿಸುವುದು, ಅವಧಿ ಮುಗಿಯುವ ಸಾಕಷ್ಟು ಮುನ್ನವೇ ನಮೂದಿಸುವುದು, ಗುಪ್ತಪದವನ್ನು ತಿಜೋರಿಯ ಕೀಲಿಯಂತೆ ಕಾಯುವುದು. ಯಂತ್ರದಿಂದ ಉಳಿದ ಸಮಯದಲ್ಲಿ ಒಂದು ಪಾಲು ಪರಿಶೀಲನೆಗೆ ಸಲ್ಲಬೇಕು. ಇದೇ ಅತ್ಯಂತ ಅಗ್ಗದ ವಿಮೆ.