ಧಾರವಾಡದ ಹುಡುಗಿಗೆ ಬ್ರೆಜಿಲ್‌ನಲ್ಲಿ ಕೋಣೆ

ಊರು ಧಾರವಾಡ, ಓದು ಪ್ಯಾರಿಸ್ಸಿನಲ್ಲಿ, ವಾಸ ಬ್ರೆಜಿಲ್‌ನಲ್ಲಿ. ನನ್ನ ಗೆಳತಿಯ ಮಗಳ ಈಗಿನ ವಿಳಾಸ ಹೀಗಿದೆ. ಆರ್‌ಇಆರ್ ಬಿ ರೈಲಿನಲ್ಲಿ ‘ಸಿತೆ ಯೂನಿವರ್ಸಿತೇರ್’ ನಿಲ್ದಾಣಕ್ಕೆ ಬಂದಿಳಿದ ನನ್ನನ್ನು ಎದುರುಗೊಂಡವಳೇ, “ನಮ್ಮನಿ ತೋರಸ್ತೀನಿ ಬರ್ರಿ ಆಂಟಿ” ಎಂದು ರಸ್ತೆ ದಾಟಿಸಿದಳು. ಆಚೆಗಿರುವುದು ‘ಸಿತೆ’, ಹಲವು ದೇಶಗಳ ಹೆಸರಿನ ವಿದ್ಯಾರ್ಥಿ ಭವನಗಳಿರುವ ಆವರಣ. ಭಾರತ ಭವನವೂ ಅಲ್ಲೇ ಇದೆ, ಅವಳ ಕಟ್ಟಡಕ್ಕೆ ದೂರವೂ ಇಲ್ಲ. ಆದರೆ ಅವಳು ಹೋಗಿ ನಿಂತದ್ದು ಬ್ರೆಜಿಲ್ ಭವನದ ಮುಂದೆ. ಹಳದಿ, ಹಸಿರು, ನೀಲಿ, ಕೆಂಪು ಬಳಿದ ಪುಟ್ಟ ಬಾಲ್ಕನಿಗಳ ಸಾಲುಸಾಲು. ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ, ಬ್ರೆಸಿಲಿಯಾ ನಗರದ ನಕ್ಷೆ ಬರೆದ ಲೂಸಿಯೊ ಕೋಸ್ಟಾ ಇಬ್ಬರ ಕೈಯೂ ಸೇರಿದ ಈ ಕಟ್ಟಡ 1959ರಲ್ಲಿ ತೆರೆಯಿತು. ಅದರ ಒಂದು ಕೋಣೆಯಲ್ಲಿ ಧಾರವಾಡದ ಹುಡುಗಿ ಗಣಿತ ಮಾಡುತ್ತ ಕೂತಿರುತ್ತಾಳೆ ಎಂಬುದೇ ನನಗೆ ಇನ್ನೂ ರೋಮಾಂಚನ.

“ಇಂಡಿಯಾದಾಗ ಯಾಕ ಕೊಡಲಿಲ್ಲ ನಿನಗ?” ಎಂದು ಕೇಳಿದೆ. ಕೋಣೆ ಇಲ್ಲವೆಂದಿರಬೇಕು ಎಂಬುದು ನನ್ನ ಊಹೆ. ಕಾರಣ ಬೇರೆಯೇ ಇತ್ತು. ಇಲ್ಲಿ 40ಕ್ಕೂ ಹೆಚ್ಚು ಭವನಗಳಿವೆ: ಸ್ವಿಟ್ಜರ್ಲೆಂಡ್, ಜಪಾನ್, ಮೊರಾಕೊ, ಅರ್ಮೇನಿಯಾ, ಮೆಕ್ಸಿಕೊ. ಯಾವ ಭವನವೂ ತನ್ನ ದೇಶದವರನ್ನು ಮಾತ್ರ ತುಂಬಿಸಿಕೊಳ್ಳುವಂತಿಲ್ಲ. ಒಂದು ಪಾಲು ಕೋಣೆಗಳನ್ನು ಬೇರೆ ದೇಶದವರಿಗೆ ಬಿಟ್ಟುಕೊಟ್ಟು, ತನ್ನವರಲ್ಲಿ ಕೆಲವರನ್ನು ಬೇರೆ ಭವನಗಳಿಗೆ ಕಳಿಸಬೇಕು. ಫ್ರೆಂಚರು ಇದಕ್ಕೆ ‘ಬ್ರಸಾಜ್’ ಅನ್ನುತ್ತಾರೆ. ಭಾರತ ಭವನಕ್ಕೆ ಅರ್ಜಿ ಹಾಕಿದ ನಮ್ಮ ಹುಡುಗಿಯನ್ನು ಬ್ರೆಜಿಲ್‌ಗೆ ತಂದು ಸೇರಿಸಿದ್ದು ಈ ನಿಯಮ. ಅಡುಗೆಮನೆಯಲ್ಲಿ ಅವಳು ಚಟ್ನಿಪುಡಿ ಡಬ್ಬಿ ತೆಗೆದಾಗ ಸಾವೊ ಪಾಲೊದ ಹುಡುಗನೊಬ್ಬ ತಟ್ಟೆ ಹಿಡಿದು ಬಂದ. ಅವನಿಗೆ ಅದರ ರುಚಿ ಆಗಲೇ ಹತ್ತಿದೆ.

ಇಲ್ಲಿ ನಿಂತು ಬೆಂಗಳೂರನ್ನು ನೆನೆಯದಿರುವುದು ಹೇಗೆ? ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಆ ಕಾಲದ ಸುತ್ತಮುತ್ತ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಹಾಸ್ಟೆಲ್ ತೆರೆಯಿತು. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರದಿಂದ ಎಷ್ಟು ಹಳ್ಳಿ ಹುಡುಗರು ಪದವೀಧರರಾದರೋ! ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ಇಲ್ಲದಿದ್ದರೆ ಕವಿ ಸಿದ್ಧಲಿಂಗಯ್ಯನವರ ಓದು ಎಲ್ಲಿ ನಿಲ್ಲುತ್ತಿತ್ತೋ. ಆ ಋಣ ದೊಡ್ಡದು, ಅದನ್ನು ಹಗುರಾಗಿ ಕಾಣಲಾರೆ. ಆದರೂ ‘ನಮ್ಮವರು ನಮ್ಮವರ ಜೊತೆ’ ಎಂಬ ಏರ್ಪಾಡು ಒಂದಾದರೆ, ‘ನಿಮ್ಮವರಲ್ಲಿ ಕೆಲವರನ್ನು ಹೊರಗೆ ಕಳಿಸಿ, ಹೊರಗಿನವರನ್ನು ಒಳಗೆ ಕರೆಯಿರಿ’ ಎಂದು ನಿಯಮದಲ್ಲೇ ಬರೆದಿಡುವ ಏರ್ಪಾಡು ಇನ್ನೊಂದು. ಎರಡನೆಯದನ್ನು ಕಣ್ಣಾರೆ ಕಂಡ ಮೇಲೆ ನನ್ನ ಒಲವು ಅತ್ತಲೇ ವಾಲಿದೆ.

ಪ್ಯಾರಿಸ್ಸಿನ ಈ ಆವರಣದ ಹಿಂದಿರುವ ವ್ಯಕ್ತಿ ಆಂದ್ರೆ ಓನೊರಾ. ಫ್ರಾನ್ಸಿನ ಶಿಕ್ಷಣ ಸಚಿವರಾಗಿದ್ದವರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಫ್ರಾನ್ಸಿಗೆ 1916ರಲ್ಲಿ ಬಂದದ್ದು ಅವರ ಪಟ್ಟಿನಿಂದ. ಕ್ಷಯರೋಗಿಗಳಿಗೆ ಸ್ಯಾನಟೋರಿಯಂ ಕಟ್ಟಿಸುವ 1919ರ ಕಾನೂನಿಗಂತೂ ಅವರದೇ ಹೆಸರು. ಗಡಿಯಾರ, ಕ್ಷಯ, ಹಾಸ್ಟೆಲ್ ಮೂರಕ್ಕೂ ಎತ್ತಣ ಸಂಬಂಧ ಅನ್ನಿಸಬಹುದು. ನನಗೆ ಅಲ್ಲಿ ಒಂದೇ ಎಳೆ ಕಾಣುತ್ತದೆ. ಬಿಸಿಲು ಮತ್ತು ಗಾಳಿ ಜನರ ಪಾಲಿಗೆ ದಕ್ಕಬೇಕೆಂಬ ಹಟ ಅದು. ಮೊದಲ ಮಹಾಯುದ್ಧ ಮುಗಿದಾಗ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಒಲೆ ಇಲ್ಲದ, ಕಿಟಕಿ ಸಾಲದ ಬಾಡಿಗೆ ಕೋಣೆಗಳಲ್ಲಿ ಕೆಮ್ಮುತ್ತಿದ್ದರು. ನಗರದ ಸುತ್ತ 1840ರ ದಶಕದಲ್ಲಿ ಎಬ್ಬಿಸಿದ್ದ ಕೋಟೆಯನ್ನು ಆಗಷ್ಟೇ ಕೆಡವಲು ಹೊರಟಿದ್ದರಿಂದ ದಕ್ಷಿಣದ ಅಂಚಿನಲ್ಲಿ ಜಾಗ ಸಿಕ್ಕಿತು. ಪೆಟ್ರೋಲಿಯಂ ಉದ್ಯಮಿ ಎಮಿಲ್ ಡಾಯ್ಚ್ ದ ಲಾ ಮರ್ತ್ 1 ಕೋಟಿ ಫ್ರಾಂಕ್ ಕೊಟ್ಟರು. ಮೊದಲ ಭವನ 1925ರಲ್ಲಿ ತೆರೆಯಿತು. ಅದನ್ನು ನೋಡಲು ದಾನಿ ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇಂದು 34 ಹೆಕ್ಟೇರಿನ ಈ ಆವರಣದಲ್ಲಿ ಕಟ್ಟಡಗಳಷ್ಟೇ ಧಾರಾಳವಾಗಿ ಹುಲ್ಲುಹಾಸು, ಮರಗಳೂ ಇರುವುದು ಅಲಂಕಾರಕ್ಕಲ್ಲ. ಆರೋಗ್ಯಕ್ಕೆಂದೇ ಹಾಗೆ ಯೋಜಿಸಿದ್ದು.

ಈ ಕ್ಷಯದ ಎಳೆ ಹಿಡಿದು ಹೋದರೆ ಹಬೀಬ್ ಬೂರ್ಗಿಬಾ ಸಿಗುತ್ತಾರೆ. ಟ್ಯುನೀಷಿಯಾದ ಮೊನಾಸ್ಟಿರ್ ಎಂಬ ಕಡಲ ಊರಿನ ಬಡ ಮನೆಯ ಹುಡುಗ. ಶಾಲೆಯಲ್ಲಿದ್ದಾಗಲೇ ಕ್ಷಯದ ಸೋಂಕು ತಗಲಿ, ಓದು ನಿಂತು, ಅಣ್ಣನ ಆಸರೆಯಲ್ಲಿ ಬೆಟ್ಟದೂರಿನಲ್ಲಿ ಚೇತರಿಸಿಕೊಂಡವರು. ಕಾನೂನು ಓದಲು 1924ರಲ್ಲಿ ಪ್ಯಾರಿಸ್ಸಿಗೆ ಬಂದವರಿಗೆ, ಹೊಸದಾಗಿ ತೆರೆದ ಆ ಮೊದಲ ಭವನದಲ್ಲೇ ಕೋಣೆ ಸಿಕ್ಕಿತು. ಮುಂದೆ ಫ್ರೆಂಚರ ವಿರುದ್ಧ ಹೋರಾಟ ಕಟ್ಟಿ, ಸ್ವತಂತ್ರ ಟ್ಯುನೀಷಿಯಾದ ಮೊದಲ ಅಧ್ಯಕ್ಷರಾದರು. ಸೆನೆಗಲ್‌ನ ಮೊದಲ ಅಧ್ಯಕ್ಷ, ಕವಿ ಸೆಂಘೋರ್ ಕೂಡ ಇದೇ ಆವರಣದಲ್ಲಿ ಇದ್ದವರು. ವಸಾಹತಿನ ಹುಡುಗರಿಗೆ ಆಳುವವರ ರಾಜಧಾನಿಯಲ್ಲಿ ಬೆಚ್ಚಗಿನ ಕೋಣೆಯೊಂದು ದೊರೆತದ್ದು ಆಫ್ರಿಕದ ಚರಿತ್ರೆಗೆ ಎಷ್ಟು ನೆರವಾಯಿತೆಂದು ಅಳೆಯುವುದು ಹೇಗೆ? ಬೂರ್ಗಿಬಾ ಇದ್ದ ಆ ಮೊದಲ ಭವನದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಹುಡುಗಿ ತಾಳ್ಮೆಯಿಂದ ಕಾದಳು.

ಎಲ್ಲ ದಿನಗಳೂ ಇಲ್ಲಿ ಸುಖವಾಗಿ ಕಳೆದಿಲ್ಲ. ಕಾಂಬೋಡಿಯಾ ಭವನ 1973ರಲ್ಲಿ ಅಲ್ಲಿ ನಡೆದ ಹೊಡೆದಾಟದ ನಂತರ ಮುಚ್ಚಿ, ಮತ್ತೆ ಬಾಗಿಲು ತೆರೆದದ್ದು 2003ರಲ್ಲಿ. ಇರಾನಿನ ಭವನ ಕೆಲವೇ ವರ್ಷಗಳಲ್ಲಿ ಕೈಬದಲಾಗಿ ಅವಿಸೆನ್ನಾ ಹೆಸರು ಹೊತ್ತಿತು. ಆದರೂ ಹೊಸ ಭವನಗಳು ಬರುತ್ತಲೇ ಇವೆ. ಕೊರಿಯಾದ್ದು 2018ರಲ್ಲಿ ಬಂತು, ಆಮೇಲೆ ಈಜಿಪ್ಟ್.

ಇಲ್ಲಿ ಕೋಣೆ ಸಿಗದವರ ಪಾಡು? ಪ್ಯಾರಿಸ್ಸಿನ ಹಳೆಯ ಕಟ್ಟಡಗಳ ನೆತ್ತಿಯಲ್ಲಿ, ಸತುವಿನ ಚಾವಣಿಯ ಕೆಳಗೆ, ಹಿಂದೆ ಮನೆಗೆಲಸದ ಹೆಂಗಸರು ಮಲಗುತ್ತಿದ್ದ ಅಟ್ಟದ ಕೋಣೆಗಳಿವೆ. ಲಿಫ್ಟ್ ಇರುವುದು ಅಪರೂಪ, ಹಿಂಬದಿಯ ಮೆಟ್ಟಿಲು, ಎಷ್ಟೋ ಕಡೆ ಶೌಚಾಲಯ ಓಣಿಯ ಕೊನೆಯಲ್ಲಿ. ಸಿನಿಮಾಗಳು ಇವನ್ನು ಕನಸಿನ ಗೂಡುಗಳಂತೆ ತೋರಿಸುತ್ತವೆ. ನನಗೆ ಆ ಕನಸಿನಲ್ಲಿ ನಂಬಿಕೆಯಿಲ್ಲ. ಬೇಸಿಗೆಯಲ್ಲಿ ಸತುವಿನ ತಗಡು ಕಾದರೆ ಒಳಗೆ ಕೂತು ಓದಲಾಗದು. ಬಾಡಿಗೆಗೆ ಕೊಡುವ ಮನೆಯ ಮುಖ್ಯ ಕೋಣೆ ಕನಿಷ್ಠ 9 ಚದರ ಮೀಟರ್ ವಿಸ್ತಾರ, 2.20 ಮೀಟರ್ ಎತ್ತರ ಇರಬೇಕು, ಇಲ್ಲವೇ 20 ಘನ ಮೀಟರ್ ಜಾಗ ಇರಬೇಕು ಎಂದು ಫ್ರಾನ್ಸಿನ 2002ರ ಆದೇಶ ಹೇಳುತ್ತದೆ. 9 ಚದರ ಮೀಟರ್ ಅಂದರೆ ಸುಮಾರು 97 ಚದರ ಅಡಿ. ನಮ್ಮಲ್ಲಿ ಕೋರಮಂಗಲದ ಪಿಜಿಯಲ್ಲಿ ಯುವತಿಯ ಕೊಲೆಯಾದ ನಂತರ, 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಹೊರಡಿಸಿದ ನಿಯಮದಲ್ಲಿ ಒಬ್ಬರಿಗೆ 70 ಚದರ ಅಡಿ, ದಿನಕ್ಕೆ 135 ಲೀಟರ್ ನೀರು ಎಂದಿದೆ. ನಿಮ್ಮ ಮಕ್ಕಳು ನಾಗರಭಾವಿಯಲ್ಲೋ ಬಿಟಿಎಂನಲ್ಲೋ ಪಿಜಿ ಹುಡುಕುತ್ತಿದ್ದರೆ ಟೇಪು ಹಿಡಿದೇ ಹೋಗಿ. ಮೂರು ಮಂಚ ಹಾಕಿದ ಕೋಣೆ 210 ಚದರ ಅಡಿ ಇರಲೇಬೇಕು.

ಅರ್ಜಿಯ ದಾರಿ ನೇರ, ಆದರೆ ಬೇಗ ಹೊರಡಬೇಕು. ಶೈಕ್ಷಣಿಕ ವರ್ಷ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಕೋಣೆಯ ಅರ್ಜಿ ವಸಂತದಲ್ಲೇ ಹೋಗಬೇಕು. ಪ್ರವೇಶ ಪತ್ರ ಕೈಗೆ ಬರಲಿ ಎಂದು ಸುಮ್ಮನೆ ಕೂತವರಿಗೆ ಆಗಸ್ಟ್‌ನಲ್ಲಿ ಏನೂ ಉಳಿದಿರುವುದಿಲ್ಲ. ಸಿತೆಗೆ ಓದಿನ ವಿವರ, ಖರ್ಚಿಗೆ ಹಣ ಎಲ್ಲಿಂದ ಎಂಬ ದಾಖಲೆ, ಜೊತೆಗೆ ಅಲ್ಲಿ ಯಾಕೆ ಇರಬೇಕೆಂದು ಹೇಳುವ ಒಂದು ಪತ್ರ ಬೇಕು. ಕ್ರೂಸ್ ಎಂಬ ಸರ್ಕಾರಿ ಸಂಸ್ಥೆಯ ಹಾಸ್ಟೆಲ್‌ಗಳು ಇನ್ನೂ ಅಗ್ಗ, ಆದರೆ ಅಲ್ಲಿ ವಿದ್ಯಾರ್ಥಿವೇತನ ಪಡೆಯುವ ಬಡ ಮಕ್ಕಳಿಗೆ ಮೊದಲ ಮಣೆ. ಅದು ನ್ಯಾಯವೇ. ಖಾಸಗಿ ಮಾಲೀಕರು ಬಾಡಿಗೆಯ ಮೂರು ಪಟ್ಟು ಆದಾಯವಿರುವ ಜಾಮೀನುದಾರರನ್ನು ಕೇಳುವುದು ರೂಢಿ. ಧಾರವಾಡದ ತಂದೆಯ ಸಂಬಳದ ಚೀಟಿಯನ್ನು ಪ್ಯಾರಿಸ್ಸಿನ ಮಾಲೀಕ ಒಪ್ಪುವುದು ಕಷ್ಟ. ಅದಕ್ಕೆಂದೇ ‘ವಿಸಾಲ್’ ಇದೆ. 30 ವರ್ಷದವರೆಗಿನ ವಿದ್ಯಾರ್ಥಿಗಳಿಗೆ ಒಂದು ಕಾಸೂ ಪಡೆಯದೆ ಬಾಡಿಗೆಗೆ ಹೊಣೆ ನಿಲ್ಲುವ ವ್ಯವಸ್ಥೆ ಇದು. ಪೀಠೋಪಕರಣ ಸಹಿತ ಕೋಣೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ತೆತ್ತ ಬೆಂಗಳೂರಿನವರಿಗೆ ಇದು ಹೇಗೆ ಕೇಳಿಸುತ್ತದೆ ಎಂದು ನಾನು ಹೇಳಬೇಕಿಲ್ಲ. ಕೋಣೆ ತೋರಿಸುವ ಮೊದಲೇ ಹಣ ಕಳಿಸಿ ಎನ್ನುವವರಿಗೆ ಮಾತ್ರ ಬಿಡಿಗಾಸೂ ಕೊಡಬೇಡಿ.

ಈಗ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಹೊರಡುವ ಹುಡುಗ ಹುಡುಗಿಯರು ತಮ್ಮ ಅರ್ಜಿ ಪತ್ರವನ್ನು ಮೊದಲು ನಮ್ಮ ಹುಡುಗಿಗೇ ಕಳಿಸುತ್ತಾರೆ. ಮೊನ್ನೆ ಒಬ್ಬ ‘ದಯವಿಟ್ಟು ಭಾರತ ಭವನದಲ್ಲೇ ಕೊಡಿ’ ಎಂದು ಬರೆದಿದ್ದನಂತೆ. ಆ ಸಾಲು ಹೊಡೆದುಹಾಕಿ, ಬೇರೆ ದೇಶದವರ ಜೊತೆ ಇರಲು ಯಾಕೆ ಇಷ್ಟ ಎಂದು ಬರಿ ಅಂತ ವಾಪಸ್ ಕಳಿಸಿದ್ದಾಳೆ. ಅವನ ಎರಡನೆಯ ಕರಡು ಇನ್ನೂ ಬಂದಿಲ್ಲ.