ಎರಡನೇ ಸಲದ ಸೊನ್ನೆ

1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಸಮಯ ಜಾರಿಗೆ ಬಂದಾಗ ಮುಂಬೈ ಅದಕ್ಕೆ ಸುಲಭವಾಗಿ ಜಗ್ಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಇಲ್ಲಿನ ಎಷ್ಟೋ ಗಡಿಯಾರಗಳು ‘ಬಾಂಬೆ ಟೈಮ್’ ತೋರಿಸುತ್ತಲೇ ಇದ್ದವು. ರೈಲಿನ ಸಮಯಕ್ಕಿಂತ ಅದು 39 ನಿಮಿಷ ಹಿಂದೆ. ಒಂದೇ ಊರಿನಲ್ಲಿ ಎರಡು ಸಮಯ ಇದ್ದರೆ ಆಗುವ ಫಜೀತಿ ಏನೆಂದು ಇಂದಿಗೂ ಚೆನ್ನಾಗಿ ಬಲ್ಲವರು ಐರೋಲಿ, ಮಹಾಪೆ, ಚಾಂದಿವಲಿಗಳ ಡೇಟಾ ಸೆಂಟರ್‌ಗಳಲ್ಲಿರುವ ಸರ್ವರ್‌ಗಳನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್‌ಗಳು. ಕ್ಲೌಡ್‌ನಲ್ಲಿ ಪಡೆದ ಹೊಸ ಯಂತ್ರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಕಣ್ಣು ಬಿಡುತ್ತದೆ. ಪಕ್ಕದ ಯಂತ್ರ ಭಾರತೀಯ ಸಮಯದಲ್ಲಿದ್ದರೆ ಎರಡರ ಲಾಗ್‌ಗಳ ನಡುವೆ ಐದೂವರೆ ಗಂಟೆ ಅಂತರ. ರಾತ್ರಿ ಪಾಳಿಯಲ್ಲಿ ಒಂದು ಹಣ ಪಾವತಿ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಹುಡುಕುವವರಿಗೆ ಅಷ್ಟು ಸಾಕು, ತಲೆ ಕೆಡಲು.

ಸಮಯವಲಯ ಸರಿಪಡಿಸುವುದು ಒಂದು ಸಾಲಿನ ಕಮಾಂಡ್. ಒಂದು ಯಂತ್ರಕ್ಕಾದರೆ ಕೈಯಲ್ಲೇ ಹೊಡೆಯಬಹುದು. ಇಪ್ಪತ್ತಾದರೆ ಶೆಲ್ ಸ್ಕ್ರಿಪ್ಟ್ ಬರೆಯಬಹುದು. ಆದರೆ ಸ್ಕ್ರಿಪ್ಟ್‌ಗೆ ಗೊತ್ತಿರುವುದು ಹೇಳಿದ್ದನ್ನು ಮಾಡುವುದಷ್ಟೇ. ಈಗಾಗಲೇ ಆಗಿದೆಯೇ ಎಂದು ತಾನಾಗಿ ನೋಡುವುದಿಲ್ಲ. ಒಂದು ಫೈಲಿನ ಕೊನೆಗೆ ಸಾಲು ಸೇರಿಸು ಎಂದರೆ ಎರಡನೇ ಸಲ ಓಡಿಸಿದಾಗ ಅದೇ ಸಾಲು ಮತ್ತೊಮ್ಮೆ ಸೇರುತ್ತದೆ. ಮಧ್ಯದಲ್ಲಿ ನಿಂತುಹೋದರೆ ಮೊದಲಿನಿಂದ ಓಡಿಸಲು ಭಯ, ಬಿಟ್ಟಲ್ಲಿಂದ ಓಡಿಸಲು ದಾರಿಯಿಲ್ಲ.

ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಎಂಬ ಕಸುಬು ಹುಟ್ಟಿದ್ದು ಈ ತೊಡಕಿನಿಂದ. ಇಲ್ಲಿ ನಾವು ಮಾಡಬೇಕಾದ ಕೆಲಸವನ್ನು ಬರೆಯುವುದಿಲ್ಲ, ಇರಬೇಕಾದ ಸ್ಥಿತಿಯನ್ನು ಬರೆಯುತ್ತೇವೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಹೊಸ ಹುಡುಗನಿಗೆ ‘ನೀರು ಹಾಕು’ ಎಂದಷ್ಟೇ ಹೇಳಿದರೆ ತುಂಬಿದ ಲೋಟಕ್ಕೂ ಹಾಕಿ ಮೇಜೆಲ್ಲ ನೆನೆಸಿಯಾನು. ‘ಪ್ರತಿ ಲೋಟವೂ ತುಂಬಿರಬೇಕು’ ಎಂದರೆ ನೋಡಿಕೊಂಡು ಹಾಕುತ್ತಾನೆ. ಎಷ್ಟು ಸಲ ಓಡಿಸಿದರೂ ಫಲಿತಾಂಶ ಅದೇ ಆಗಿರಬೇಕೆಂಬ ಈ ಗುಣವೇ ಇಡೀ ವಿದ್ಯೆಯ ಬೆನ್ನೆಲುಬು. ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ಸಾಧನ ಬರೆದು ಇದಕ್ಕೆ ಅಡಿಪಾಯ ಹಾಕಿದರು. 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2011ರಲ್ಲಿ ಸಾಲ್ಟ್ ಬಂದವು. 2012ರಲ್ಲಿ ಮೈಕೆಲ್ ಡಿಹಾನ್ ಆನ್ಸಿಬಲ್ ಹೊರತಂದರು. ಮೂರೇ ವರ್ಷಕ್ಕೆ ರೆಡ್‌ಹ್ಯಾಟ್ ಅದನ್ನು ಕೊಂಡುಕೊಂಡಿತು.

ಆನ್ಸಿಬಲ್ ಎಂದೊಡನೆ ಒಂದು ಕಡೆ ಕೂತು ನೂರಾರು ಸರ್ವರ್‌ಗಳಿಗೆ ಆಜ್ಞೆ ಕಳಿಸುವ ಚಿತ್ರ ಮನಸ್ಸಿಗೆ ಬರುತ್ತದೆ. ಅದು ನಿಜವೇ. ಆದರೆ ಈ ಕಸುಬಿನ ಸೊಗಸು ತಿಳಿಯಬೇಕಾದರೆ ಅದನ್ನು ಒಂದೇ ಯಂತ್ರದಲ್ಲಿ, ನಾವು ಕೂತಿರುವ ಯಂತ್ರದ ಮೇಲೆಯೇ, ಟರ್ಮಿನಲ್‌ನಿಂದ ಓಡಿಸಿ ನೋಡಬೇಕು. ಬೇರೆ ಸರ್ವರ್ ಬೇಡ, ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಲಿ ಬೇಡ, ಬೇರೆ ಯಾರ ಅನುಮತಿಯೂ ಬೇಡ. ಕಮಾಂಡ್ ಇಷ್ಟೇ:

ಆನ್ಸಿಬಲ್-ಪ್ಲೇಬುಕ್ --ಕನೆಕ್ಷನ್=ಲೋಕಲ್ --ಇನ್ವೆಂಟರಿ=ಲೋಕಲ್‌ಹೋಸ್ಟ್, ಸಮಯ.ವೈಎಂಎಲ್

ಲೋಕಲ್‌ಹೋಸ್ಟ್ ಆದ ಮೇಲಿನ ಆ ಅಲ್ಪವಿರಾಮ ಕೈತಪ್ಪಿ ಬಿದ್ದದ್ದಲ್ಲ. ಅದಿದ್ದರೆ ಆನ್ಸಿಬಲ್ ಅದನ್ನು ಯಂತ್ರಗಳ ಪಟ್ಟಿ ಎಂದು ಓದುತ್ತದೆ. ಬಿಟ್ಟರೆ ಆ ಹೆಸರಿನ ಫೈಲನ್ನು ಹುಡುಕಲು ಹೊರಡುತ್ತದೆ. ‘ಕನೆಕ್ಷನ್ ಲೋಕಲ್’ ಎಂದಿರುವುದರಿಂದ ಎಸ್‌ಎಸ್‌ಎಚ್ ಗೊಡವೆಯಿಲ್ಲ. ಒಳಗೆ ನಡೆಯುವ ಕೆಲಸ ಮಾತ್ರ ದೂರದ ಸರ್ವರ್‌ನಲ್ಲಿ ನಡೆಯುವಂಥದ್ದೇ: ಪ್ರತಿ ಟಾಸ್ಕ್‌ಗೂ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ತಯಾರಾಗಿ, ತಾತ್ಕಾಲಿಕ ಫೋಲ್ಡರಿನಲ್ಲಿ ಕೂತು, ಓಡಿ, ಉತ್ತರ ಕೊಟ್ಟು ಅಳಿದುಹೋಗುತ್ತದೆ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಕಲಿತದ್ದು ಡೇಟಾ ಸೆಂಟರಿನಲ್ಲೂ ನಡೆಯುತ್ತದೆ.

ಇರಬೇಕಾದ ಸ್ಥಿತಿಯನ್ನು ಬರೆದಿಟ್ಟ ಫೈಲಿಗೆ ಪ್ಲೇಬುಕ್ ಎಂದು ಹೆಸರು. ನಮ್ಮ ಪ್ಲೇಬುಕ್ ಆದ ಸಮಯ.ವೈಎಂಎಲ್‌ನಲ್ಲಿ ಇರುವುದು ಒಂದೇ ಟಾಸ್ಕ್: ಈ ಯಂತ್ರದ ಸಮಯವಲಯ ‘ಏಷ್ಯಾ/ಕೋಲ್ಕತಾ’ ಆಗಿರಬೇಕು. ‘ಏಷ್ಯಾ/ಮುಂಬೈ’ ಎಂದು ಅಭಿಮಾನದಿಂದ ಬರೆದರೆ ನಡೆಯದು. ಸಮಯವಲಯಗಳ ಪಟ್ಟಿಯಲ್ಲಿ ಆ ಹೆಸರಿಲ್ಲ, ಆನ್ಸಿಬಲ್ ಕೆಂಪು ಅಕ್ಷರದಲ್ಲಿ ಗದರಿ ನಿಲ್ಲುತ್ತದೆ. ಪಳಗಿದವರು ಮೊದಲು ನಿಜವಾಗಿ ಓಡಿಸುವುದಿಲ್ಲ. ‘--ಚೆಕ್ --ಡಿಫ್’ ಎಂದು ಸೇರಿಸುತ್ತಾರೆ. ಆಗ ಏನೂ ಬದಲಾಗುವುದಿಲ್ಲ, ಬದಲಾಗಲಿರುವುದು ಮಾತ್ರ ಕಾಣುತ್ತದೆ: ಮೈನಸ್ ಗುರುತಿನ ಸಾಲಿನಲ್ಲಿ ಹಳೆಯ ಯುಟಿಸಿ, ಪ್ಲಸ್ ಗುರುತಿನ ಸಾಲಿನಲ್ಲಿ ಹೊಸ ಕೋಲ್ಕತಾ. ಅದನ್ನು ಓದಿ, ಒಪ್ಪಿ, ಆಮೇಲೆ ನಿಜವಾದ ಓಟ. ಹಳದಿ ಬಣ್ಣದಲ್ಲಿ ‘ಚೇಂಜ್ಡ್’ ಎಂದು ಬರುತ್ತದೆ, ಕೊನೆಯ ಲೆಕ್ಕದಲ್ಲಿ ‘ಓಕೆ 2, ಚೇಂಜ್ಡ್ 1’. ಆ ಎರಡರಲ್ಲಿ ಒಂದು ನಮ್ಮ ಟಾಸ್ಕ್. ಇನ್ನೊಂದು, ಯಂತ್ರದ ಜಾತಕವನ್ನು ತಾನಾಗಿ ಓದಿಕೊಳ್ಳುವ ಮೊದಲ ಹೆಜ್ಜೆ.

ನಿಜವಾದ ಪರೀಕ್ಷೆ ಇನ್ನು ಮುಂದಿದೆ. ಅದೇ ಕಮಾಂಡನ್ನು ಮತ್ತೆ ಓಡಿಸಬೇಕು. ಈ ಸಲ ಎಲ್ಲ ಹಸಿರು, ‘ಓಕೆ 2, ಚೇಂಜ್ಡ್ 0’. ಈ ಸೊನ್ನೆ ಬರದಿದ್ದರೆ ಪ್ಲೇಬುಕ್‌ನಲ್ಲಿ ಎಲ್ಲೋ ಎಡವಟ್ಟಿದೆ ಎಂದರ್ಥ. ಸಾಮಾನ್ಯವಾಗಿ ಸಿಗುವ ಕಳ್ಳ ‘ಶೆಲ್’ ಎಂಬ ಟಾಸ್ಕ್. ಅವಸರದಲ್ಲಿ ಹಳೆಯ ಸ್ಕ್ರಿಪ್ಟಿನ ಸಾಲನ್ನು ಹಾಗೇ ಅದರೊಳಗೆ ತುರುಕಿದರೆ, ಅದು ಪ್ರತಿ ಸಲವೂ ಓಡಿ ಪ್ರತಿ ಸಲವೂ ‘ಬದಲಾಯಿತು’ ಎನ್ನುತ್ತದೆ. ಕುಶಲರು ‘ಇಂಥ ಫೈಲ್ ಆಗಲೇ ಇದ್ದರೆ ಓಡಬೇಡ’ ಎಂಬ ಷರತ್ತು ಹಾಕುತ್ತಾರೆ, ಇಲ್ಲವೇ ಅದೇ ಕೆಲಸಕ್ಕೆಂದೇ ಇರುವ ಮಾಡ್ಯೂಲ್ ಹುಡುಕುತ್ತಾರೆ.

ಇನ್ನೂ ಮೆಚ್ಚಬೇಕಾದ್ದು ಎಸ್‌ಎಸ್‌ಎಚ್ ಕಾನ್ಫಿಗರೇಶನ್ ಫೈಲ್ ತಿದ್ದುವ ಬಗೆ. ರೂಟ್ ಬಳಕೆದಾರ ನೇರವಾಗಿ ಲಾಗಿನ್ ಆಗಬಾರದು ಎಂಬ ಸಾಲು ಆ ಫೈಲಿನಲ್ಲಿರಬೇಕು. ‘ಲೈನ್‌ಇನ್‌ಫೈಲ್’ ಮಾಡ್ಯೂಲ್ ಆ ಸಾಲನ್ನು ಹುಡುಕುತ್ತದೆ. ಸಾಲನ್ನು ನಿಷ್ಕ್ರಿಯವಾಗಿಸುವ ಹ್ಯಾಶ್ ಗುರುತು ಮುಂದೆ ಇದ್ದರೂ ಇಲ್ಲದಿದ್ದರೂ ಸಿಗುವಂತೆ ಹುಡುಕುವ ಮಾದರಿಯನ್ನು ಬರೆಯುವುದೇ ಜಾಣತನ. ‘ವ್ಯಾಲಿಡೇಟ್’ ಎಂಬ ಇನ್ನೊಂದು ಸಾಲು ಸೇರಿಸಿದರೆ, ತಿದ್ದಿದ ಪ್ರತಿಯನ್ನು ಮೊದಲು ಎಸ್‌ಎಸ್‌ಎಚ್ ಸೇವೆ ನಡೆಸುವ ಎಸ್‌ಎಸ್‌ಎಚ್‌ಡಿಯ ಕೈಗೇ ಕೊಟ್ಟು ‘ಇದು ನಿನಗೆ ಅರ್ಥವಾಗುತ್ತದೆಯೇ’ ಎಂದು ಕೇಳುತ್ತದೆ. ಹೂಂ ಎಂದರೆ ಮಾತ್ರ ಹಳೆಯ ಫೈಲಿನ ಜಾಗಕ್ಕೆ ಹೊಸದು. ಸೇವೆಯನ್ನು ಮರುಚಾಲನೆ ಮಾಡುವ ಕೆಲಸ ‘ಹ್ಯಾಂಡ್ಲರ್’ ಪಾಲಿಗೆ; ಫೈಲ್ ನಿಜಕ್ಕೂ ಬದಲಾಗಿದ್ದರಷ್ಟೇ ಅದು ಏಳುತ್ತದೆ. ದೂರದ ಸರ್ವರ್‌ನಲ್ಲಿ ಈ ಫೈಲ್ ತಪ್ಪಿದರೆ ನಾವೇ ಹೊರಗೆ ಬೀಳುತ್ತೇವೆ. ಅದೇ ಯಂತ್ರದ ಮುಂದೆ ಕೂತು ಓಡಿಸುವಾಗ ಆ ಭಯವಿಲ್ಲ. ಹಾಗಾಗಿ ಮೊದಲ ಪ್ರಯೋಗಕ್ಕೆ ಇದೇ ಸರಿಯಾದ ಜಾಗ.

ಹಾಗೆಂದು ಇದು ಕಲಿಯುವವರ ಆಟಿಕೆಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಹಲವೆಡೆ ಕರೆಂಟೂ ಫೋನೂ ಕೈಕೊಟ್ಟಿದ್ದು ಈ ಊರಿನವರಿಗೆ ನೆನಪಿದೆ. ಸಂಪರ್ಕ ಕಡಿದಾಗ ಕೇಂದ್ರದ ಆಜ್ಞೆಗಾಗಿ ಕಾಯುವ ಯಂತ್ರಕ್ಕಿಂತ ತನ್ನ ನಿಯಮಪಟ್ಟಿಯನ್ನು ತನ್ನ ಡಿಸ್ಕಿನಲ್ಲೇ ಇಟ್ಟುಕೊಂಡ ಯಂತ್ರ ಮೇಲು. ಸಮಯವಲಯ, ಫೈಲಿನ ಸಾಲು, ಅನುಮತಿಗಳು, ಇವಕ್ಕೆಲ್ಲ ನೆಟ್‌ವರ್ಕ್ ಬೇಕಿಲ್ಲ. ಪ್ಯಾಕೇಜುಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ: ಸ್ಥಿತಿಯನ್ನು ‘ಪ್ರೆಸೆಂಟ್’ ಎಂದು ಬರೆದಿದ್ದು ಪ್ಯಾಕೇಜ್ ಆಗಲೇ ಇದ್ದರೆ ಸುಮ್ಮನಿರುತ್ತದೆ, ‘ಲೇಟೆಸ್ಟ್’ ಎಂದು ಬರೆದರೆ ಹೊಸದನ್ನು ಹುಡುಕಲು ಹೊರಗೆ ಕೈಚಾಚಲೇಬೇಕು. ಆನ್ಸಿಬಲ್-ಪುಲ್ ಎಂಬ ಕಮಾಂಡ್ ಈ ವಿಚಾರವನ್ನು ಮುಂದಕ್ಕೊಯ್ಯುತ್ತದೆ: ಪ್ರತಿ ಯಂತ್ರವೂ ಗಿಟ್‌ನಿಂದ ಪ್ಲೇಬುಕ್ ಇಳಿಸಿಕೊಂಡು ತನ್ನ ಮೇಲೆ ತಾನೇ ಓಡಿಸಿಕೊಳ್ಳುತ್ತದೆ. ಉಳಿದ ಸಾಧನಗಳಲ್ಲೂ ಈ ದಾರಿಯಿದೆ: ‘ಪಪೆಟ್ ಅಪ್ಲೈ’, ಶೆಫ್‌ನ ಲೋಕಲ್ ಮೋಡ್, ‘ಸಾಲ್ಟ್-ಕಾಲ್ --ಲೋಕಲ್’.

ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಪ್ಲೇಬುಕ್‌ನಿಂದ ಒಂದು ಟಾಸ್ಕ್ ಅಳಿಸಿದರೆ ಅದು ಮಾಡಿದ ಕೆಲಸ ಅಳಿಯುವುದಿಲ್ಲ. ಹಿಂದೆ ಹಾಕಿಸಿದ ಪ್ಯಾಕೇಜ್ ಬೇಡವೆಂದರೆ ‘ಆಬ್ಸೆಂಟ್’ ಎಂದು ಬಾಯಿಬಿಟ್ಟು ಹೇಳಬೇಕು. ನಾವು ಹೆಸರಿಸಿದ್ದಷ್ಟೇ ಈ ಸಾಧನದ ಲೋಕ; ಹೆಸರಿಸದಿದ್ದುದು ಹೇಗಿದ್ದರೂ ಅದಕ್ಕೆ ಚಿಂತೆಯಿಲ್ಲ.

ಟರ್ಮಿನಲ್ ಎಂದರೆ ಹಿಂಜರಿಯುವವರಿಗೆ ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಕಮಾಂಡ್‌ಗಳ ಪಾಠಗಳು ಕನ್ನಡದ ದನಿಯಲ್ಲೇ ಸಿಗುತ್ತವೆ. ಅಷ್ಟು ಕಲಿತವರು ಸಮಯವಲಯದ ಒಂದು ಟಾಸ್ಕ್‌ನಿಂದ ಶುರುಮಾಡಿ, ಹೊಸ ಲ್ಯಾಪ್‌ಟಾಪಿಗೆ ಬೇಕಾದ ಫಾಂಟು, ಎಡಿಟರ್, ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಪ್ಲೇಬುಕ್‌ಗೆ ಸೇರಿಸುತ್ತ ಹೋಗಬಹುದು. ಪ್ರತಿ ಸಲ ಸೇರಿಸಿದ ಮೇಲೂ ಎರಡು ಬಾರಿ ಓಡಿಸಿ, ಎರಡನೇ ಬಾರಿ ಸೊನ್ನೆ ಬರುವವರೆಗೆ ಮುಂದಿನ ಟಾಸ್ಕಿಗೆ ಕೈಹಾಕದಿದ್ದರೆ ಅರ್ಧ ವಿದ್ಯೆ ಬಂದಂತೆ.